ಗುರುವಪ್ಪ ಮಾವನಿಗೆ ಮುಳ್ಳಿಲ್ಲದ ಮೀನು

ಕುದ್ರೋಳಿಯ ನೋಣಯ್ಯನಿಗೆ ಊರಿನವರು ಇಟ್ಟ ಹೆಸರು ಮುಳ್ಳು ನೋಣಯ್ಯ. ಮುಟ್ಟಿದರೆ ಚುಚ್ಚುವ ಗಂಡಸು ಎಂದು ಹೆದರಿ ಯಾರಾದರೂ ಹಾಗೆ ಕರೆದಿದ್ದರೆ ಅವನೇ ಆ ಹೆಸರನ್ನು ಸಂತೋಷದಿಂದ ಬಾಗಿಲ ಮೇಲೆ ಬರೆಸಿಕೊಳ್ಳುತ್ತಿದ್ದ. ಆದರೆ ಅದು ಬಂದದ್ದು ಅವನ ಗಂಟಲಲ್ಲಿ ಸಿಕ್ಕಿಬಿದ್ದ ಒಂದು ಮೀನಿನ ಮುಳ್ಳಿನಿಂದ. ಅದೂ ಹೆಣ್ಣು ನೋಡಲು ಹೋದ ದಿನ, ಹೆಣ್ಣಿನ ಮನೆಯ ಚಾವಡಿಯಲ್ಲಿ, ಎಲ್ಲರ ಕಣ್ಣೆದುರು.

ಮೂವತ್ತನೇ ಇಸವಿಯ ಆಚೀಚೆಯ ಕಾಲ ಅದು. ನೋಣಯ್ಯ ಹಂಪನಕಟ್ಟೆಯ ಒಂದು ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುವ ಕೆಲಸಕ್ಕಿದ್ದ. ಜೋಡಿಸುವ ಕೆಲಸ ಎಂದು ಹೇಳಿಕೊಳ್ಳುತ್ತಿದ್ದವನು ಅವನೊಬ್ಬನೇ. ಅವನನ್ನು ಜೋಡಿಸಲು ಬಿಟ್ಟರೆ ಪುಟದಲ್ಲಿ ಮಾತಿಗಿಂತ ತಪ್ಪೇ ಹೆಚ್ಚಾಗುತ್ತದೆ ಎಂದು ಕಂಡ ಫೋರ್ಮನ್, ಅವನ ಕೈಗೊಂದು ಚಿಮಟ ಕೊಟ್ಟು, ಬೇರೆಯವರು ಜೋಡಿಸಿದ ಪುಟದಿಂದ ತಪ್ಪು ಮೊಳೆಗಳನ್ನು ಕೀಳುವ ಮೂಲೆಗೆ ದಾಟಿಸಿದ್ದ. ಕೀಳುವುದರಲ್ಲಿ ಮಾತ್ರ ನೋಣಯ್ಯನ ಕೈ ಒಳ್ಳೆಯದಿತ್ತು. ತಾಯಿ ಅಮ್ಮಣಿ ನೆರೆಕರೆಯವರ ಹತ್ತಿರ, "ನನ್ನ ಮಗ ಪುಸ್ತಕ ಮಾಡ್ತಾನೆ" ಎನ್ನುತ್ತಿದ್ದರು. ಅವನು ತಿದ್ದಲು ಹೋಗಿರಲಿಲ್ಲ.

ತಂದೆ ತೀರಿಹೋಗಿ ವರ್ಷಗಳಾಗಿದ್ದವು. ಇದ್ದಿದ್ದರೂ ದೊಡ್ಡ ವ್ಯತ್ಯಾಸ ಆಗುತ್ತಿರಲಿಲ್ಲ. ಅಳಿಯಕಟ್ಟಿನ ಮನೆಯಲ್ಲಿ ತಾಯಿಯ ಅಣ್ಣನ ಮಾತೇ ಮಾತು. ಆ ಅಣ್ಣ ಗುರುವಪ್ಪ ಬಂದರಿನ ಧಕ್ಕೆಯಲ್ಲಿ ಮಂಜಿ ಹಡಗುಗಳಿಗೆ ಹಂಚು ತುಂಬಿಸುವ ಆಳುಗಳ ಮೇಸ್ತ್ರಿ. ಹಡಗಿನ ಆ ತುದಿಗೆ ಕೇಳಿಸುವಂತೆ ಮಾತಾಡಿ ಮಾತಾಡಿ, ಪಕ್ಕದಲ್ಲಿ ಕೂತವನಿಗೂ ಅದೇ ಸ್ವರದಲ್ಲಿ ಗುಟ್ಟು ಹೇಳುವ ಅಭ್ಯಾಸ.

ಕೂಳೂರಿನಲ್ಲಿ ಹೊಳೆ ದಾಟುವ ಕಡವಿನ ಪಕ್ಕದ ಮನೆಗೆ ಹೆಣ್ಣು ನೋಡಲು ಕರೆದುಕೊಂಡು ಹೋದದ್ದೂ ಈ ಮಾವನೇ. ಹುಡುಗಿ ದೇಯಿ. ಊಟಕ್ಕೆ ಹೊಳೆಮೀನು. ಗುರುವಪ್ಪ ಮೀನು ತಿನ್ನುವುದನ್ನು ನೋಡಲೆಂದೇ ಜನ ಅವನ ಪಂಕ್ತಿಯಲ್ಲಿ ಕೂರುವುದಿತ್ತು. ತುಂಡು ಬಾಯಿಯ ಒಂದು ಬದಿಯಿಂದ ಒಳಗೆ, ಮುಳ್ಳು ಇನ್ನೊಂದು ಬದಿಯಿಂದ ಹೊರಗೆ. ಊಟ ಮುಗಿಯುವಾಗ ಎಲೆಯ ಅಂಚಿನಲ್ಲಿ ಮುಳ್ಳುಗಳು ಬಾಚಣಿಗೆಯಂತೆ ಸಾಲಾಗಿ ಮಲಗಿರುತ್ತಿದ್ದವು. ನೋಣಯ್ಯ ಎಲೆಯನ್ನು ನೋಡಿದ್ದರೆ ತಾನೆ? ಬಡಿಸುತ್ತಿದ್ದ ಕೈಯನ್ನು ನೋಡುತ್ತಾ ಬಾಯಿಗೆ ಹಾಕಿಕೊಂಡ. ಮುಳ್ಳು ಅಡ್ಡ ನಿಂತಿತು.

ಒಣ ಅನ್ನದ ಉಂಡೆ ನುಂಗಿಸಿದರು, ಬಾಳೆಹಣ್ಣು ನುಂಗಿಸಿದರು. ಮುಳ್ಳು ಹಂದಲಿಲ್ಲ. ಕಾಲು ಮುಂದಾಗಿ ಹುಟ್ಟಿದವರು ಗಂಟಲು ನೀವಿದರೆ ಮುಳ್ಳು ಇಳಿಯುತ್ತದೆ ಎಂಬುದು ನಮ್ಮ ಕಡೆ ಎಲ್ಲರೂ ಬಲ್ಲ ಮದ್ದು. ಆ ಮನೆಯಲ್ಲಿ ಹಾಗೆ ಹುಟ್ಟಿದವಳು ಒಬ್ಬಳೇ, ಮದುಮಗಳಾಗಬೇಕಾದ ದೇಯಿ.

"ಬಾ ಮಗಾ, ನಾಚಿಕೆ ಆಮೇಲೆ," ಎಂದು ಅವಳ ತಾಯಿ ಕಿನ್ನಿ ಮುಂದೆ ದೂಡಿದರು.

"ತಲೆ ಎತ್ತಿ. ಎಂಜಲು ನುಂಗಿ. ಮಾತಾಡ್ಬೇಡಿ," ಎಂದಳು ದೇಯಿ. ಮಾತಾಡುವ ಯೋಚನೆ ನೋಣಯ್ಯನಿಗೆ ಇರಲೂ ಇಲ್ಲ. ಕಣ್ಣಲ್ಲಿ ನೀರು, ಮೂಗಿನಲ್ಲಿ ನೀರು.

"ನೋಡಿ ಮಾರಾಯ್ರೇ!" ಗುರುವಪ್ಪನ ಸ್ವರ ಹೊಳೆ ದಾಟಿತು. "ಕೈ ಹಿಡಿಯುವ ಮೊದಲೇ ಕುತ್ತಿಗೆ ಹಿಡಿದಳು!"

ಮುಳ್ಳು ಇಳಿಯಿತು. ಅಷ್ಟಕ್ಕೇ ಮುಗಿದಿದ್ದರೆ ನೋಣಯ್ಯ ಮರೆತುಬಿಡುತ್ತಿದ್ದನೋ ಏನೋ. ಆದರೆ ನಗು ಕಂಡ ಗುರುವಪ್ಪನಿಗೆ ನಿಲ್ಲಿಸಲು ಬರುತ್ತಿರಲಿಲ್ಲ. ದೇಯಿಯ ಸೋದರಮಾವ ಸಂಕಪ್ಪನ ಕಡೆ ತಿರುಗಿ, "ಒಂದು ಮುಳ್ಳು ಸುಧಾರಿಸಲಿಕ್ಕೆ ಆಗದವ ಸಂಸಾರ ಎಂತ ಸುಧಾರಿಸ್ತಾನೆ? ನಿಶ್ಚಯ ಸ್ವಲ್ಪ ನಿಲ್ಲಲಿ ಸಂಕಪ್ಪಣ್ಣ, ಹುಡುಗ ಇನ್ನಷ್ಟು ಬೆಳೀಲಿ," ಎಂದ. ತಮಾಷೆಗೇ ಹೇಳಿದ್ದು. ಸಂಕಪ್ಪ ಮಾತ್ರ ತಮಾಷೆಯ ಮನುಷ್ಯನಲ್ಲ. ಹುಡುಗನ ಮಾವನೇ ನಿಲ್ಲಲಿ ಎಂದಮೇಲೆ ನಿಲ್ಲಿಸಲೇಬೇಕಲ್ಲ ಎಂದು ಸಂಬಂಧವನ್ನು ಹಾಗೇ ನಿಲ್ಲಿಸಿಬಿಟ್ಟ.

ಗುರುವಪ್ಪ ಈ ಕತೆಯನ್ನು ಧಕ್ಕೆಯಲ್ಲಿ ಹೇಳಿದ, ಕಳ್ಳಂಗಡಿಯಲ್ಲಿ ಹೇಳಿದ, ಗೋಕರ್ಣನಾಥನ ಗುಡಿಯ ಮೆಟ್ಟಿಲಲ್ಲೂ ಹೇಳಿದ. ಹೇಳಿದಂತೆ ಮುಳ್ಳು ಬೆಳೆಯಿತು. ಕತೆ ಹೊಳೆಯಾಚೆಯ ತೊಕ್ಕೊಟ್ಟಿಗೆ ಮುಟ್ಟುವಾಗ ನೋಣಯ್ಯ ಗಾಳದ ಸಮೇತ ಮೀನು ನುಂಗಿದ್ದ.

ಸೇಡು ತೀರಿಸಿಕೊಳ್ಳದೆ ಸಾಯುವುದಿಲ್ಲ ಎಂದು ನೋಣಯ್ಯ ನಿಶ್ಚಯ ಮಾಡಿದ. ಹಂಪನಕಟ್ಟೆಯಿಂದ ಕುದ್ರೋಳಿಗೆ ನಡೆಯುವ ದಾರಿಯುದ್ದಕ್ಕೂ ಮಾವನಿಗೆ ಕೊಡಬೇಕಾದ ಉತ್ತರಗಳನ್ನು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದ. ಎದುರಿಗೆ ಬಂದವರು ಬದಿಗೆ ಸರಿಯುತ್ತಿದ್ದರು. ಮಾವ ಸಿಕ್ಕಿದಾಗ ಮಾತ್ರ ಬಾಯಿಂದ ಬರುತ್ತಿದ್ದುದು, "ಊಟ ಆಯ್ತಾ ಮಾವ?" ಒಮ್ಮೆ ಧೈರ್ಯ ಮಾಡಿ, ಅಚ್ಚುಕೂಟದಲ್ಲಿ ಯಾರೂ ಇಲ್ಲದಾಗ, 'ಗುರುವಪ್ಪ ಎಂಬವನು ಕಾಣೆಯಾಗಿದ್ದಾನೆ, ಸಿಕ್ಕಿದವರು ಇಟ್ಟುಕೊಳ್ಳತಕ್ಕದ್ದು' ಎಂದು ದೊಡ್ಡ ಅಕ್ಷರದಲ್ಲಿ ಮೊಳೆ ಜೋಡಿಸಿದ. ಜನ್ಮದಲ್ಲಿ ಮೊದಲ ಸಲ ಒಂದೂ ತಪ್ಪಿಲ್ಲದೆ ಜೋಡಿಸಿದ್ದ. ಫೋರ್ಮನ್ ಬಂದು ಓದಿ, ಅವನ ಚಿಮಟದಿಂದಲೇ ಎಲ್ಲವನ್ನೂ ಕೀಳಿಸಿದ.

ಹೀಗಿರುವಾಗ ಒಂದು ದಿನ, ಅಚ್ಚಾದ ಕಾಗದದ ಕಟ್ಟು ಕೊಡಲೆಂದು ಬಂದರಿನ ಒಂದು ಗೋದಾಮಿಗೆ ಹೋದವನಿಗೆ ಹಂಚಿನ ಅಟ್ಟಿಯ ಹಿಂದಿನಿಂದ ಟಕ ಟಕ ಎಂದು ಕೇಳಿಸಿತು. ಇಣುಕಿ ನೋಡಿದ. ಗುರುವಪ್ಪ ಮಾವ ಗೋಡೆಗೆ ಮುಖ ಮಾಡಿ ಕೂತು, ಮುದುಕಿಯರು ಇಟ್ಟುಕೊಳ್ಳುವಂಥ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದಾನೆ! ಇಡೀ ಅಡಿಕೆಯನ್ನು ಎಲ್ಲರೆದುರು ಹಲ್ಲಿನಲ್ಲೇ ಒಡೆಯುತ್ತಿದ್ದ ಮಾವ! ನೋಣಯ್ಯನಿಗೆ ಒಂದೊಂದಾಗಿ ನೆನಪಾಯಿತು. ಹೋದ ಮದುವೆಯಲ್ಲಿ ಹೊಟ್ಟೆ ಸರಿ ಇಲ್ಲ ಎಂದು ಮಾವ ಮೀನನ್ನು ಪಕ್ಕದವನ ಎಲೆಗೆ ದಾಟಿಸಿದ್ದು, ಅದಕ್ಕೂ ಹಿಂದಿನ ಊಟದಲ್ಲಿ ಬರೀ ಸಾರು ಕಲಸಿ ಉಂಡದ್ದು. ದವಡೆ ಹಲ್ಲುಗಳು ಹೋಗಿವೆ, ಯಾರಿಗೂ ಹೇಳಿಲ್ಲ. ಸದ್ದಿಲ್ಲದೆ ಹಿಂದೆ ಬಂದ ನೋಣಯ್ಯನಿಗೆ ಅಂದು ಗಂಜಿಯೂ ಪಾಯಸದಂತೆ ಇಳಿಯಿತು.

ಅದೇ ತಿಂಗಳು ಕೂಳೂರಿನಿಂದ ಹೇಳಿಕಳಿಸಿದರು. ಆದಿತ್ಯವಾರ ಸಂಕಪ್ಪ ಮತ್ತು ಕಿನ್ನಿ ಕುದ್ರೋಳಿಗೆ ಬರುತ್ತಾರೆ, ಹೌದೋ ಅಲ್ಲವೋ ಅಂದೇ ತೀರ್ಮಾನ. ಹಿರಿಯನಾಗಿ ಗುರುವಪ್ಪ ಕೂರಬೇಕು.

ನೋಣಯ್ಯನ ತಲೆಯಲ್ಲಿ ಸೇಡು ಪೂರ್ತಿ ಸಿದ್ಧವಾಯಿತು. ಎಲ್ಲರಿಗೂ ಮುಳ್ಳಿರುವ ಮೀನು. ಮಾವನಿಗೊಬ್ಬನಿಗೆ ಮುಳ್ಳು ತೆಗೆದದ್ದು. ಮುಳ್ಳು ತೆಗೆದು ತಿನ್ನಿಸುವುದು ಯಾರಿಗೆ? ಹಲ್ಲು ಬಾರದ ಕೂಸಿಗೆ, ಹಲ್ಲು ಹೋದ ಮುದುಕರಿಗೆ. ಅದೇ ಸಂಕಪ್ಪನ ಎದುರು, ಅದೇ ಕಿನ್ನಿಯ ಎದುರು ಗುರುವಪ್ಪನ ಮರ್ಯಾದೆ ಎಲೆಯ ಮೇಲೆ ಬೀಳಬೇಕು. ಅವಮಾನವಾಗಿ ಮಾವ ಎಲೆ ಬಿಟ್ಟು ಎದ್ದರೆ ದೇಯಿ ಶಾಶ್ವತವಾಗಿ ಕೈತಪ್ಪುತ್ತಾಳೆ ಎಂಬುದೂ ಗೊತ್ತಿತ್ತು. ಸೇಡೋ ದೇಯಿಯೋ ಎಂದು ಕೇಳಿದ್ದರೆ, ಎರಡೂ ಬಡಿಸಿ ಎನ್ನುವಷ್ಟು ಬುದ್ಧಿವಂತ ಅವನು.

ಧಕ್ಕೆಯಲ್ಲಿ ಮೀನು ಮಾರುವ ಯೂಸುಫ್ ಅವನ ಗೆಳೆಯ. ದೊರೆಗಳು ಸಾಲ್ಮನ್ ಎಂದು ಬಂಗಲೆಗೆ ತರಿಸಿಕೊಳ್ಳುವ ರಾವಸ ಮೀನನ್ನು, ಮೊಳಕೈ ಉದ್ದದ್ದನ್ನು, ಎತ್ತಿ ತೋರಿಸಿದ.

"ತುಂಡು ಮಾಡಿ ಕೊಡ್ಲಾ?"

"ಬೇಡ, ಇಡೀ ಕೊಡು. ಮುಳ್ಳು ನಾನೇ ತೆಗೀತೇನೆ."

"ನೀನಾ? ಮುಳ್ಳಾ?" ಯೂಸುಫ್ ಮೀನನ್ನು ಹಿಂದಕ್ಕೆಳೆದ. "ಆಸ್ಪತ್ರೆಯ ಜಗಲಿಯಲ್ಲಿ ಕೂತು ತೆಗಿ ಮಾರಾಯ, ಹತ್ತಿರ ಆಗ್ತದೆ."

ಮನೆಯಲ್ಲಿ ಅಮ್ಮಣಿ, ಅವನು ಅಚ್ಚುಕೂಟದಿಂದ ತಂದ ಚಿಮಟ ನೋಡಿ ಕಿರುಚಿದರು. "ಮಸಿ ಹಿಡಿದ ಇಕ್ಕುಳ ನನ್ನ ಮೀನಿಗೆ ಮುಟ್ಟಿಸಿದ್ರೆ ನೋಡು!" ಬೂದಿ ಹುಣಸೆ ಹಾಕಿ ತಿಕ್ಕಿ, ಕುದಿಯುವ ನೀರಿನಲ್ಲಿ ಅದ್ದಿದ ಮೇಲೆ ಸುಮ್ಮನಾದರು. ಕೊಯ್ಯಲು ನೋಣಯ್ಯ, ತಂದೆ ಕಳ್ಳು ಇಳಿಸಲು ಬಳಸುತ್ತಿದ್ದ ಮೂರ್ತೆಯ ಕತ್ತಿಯನ್ನು ಮಸೆದ. ಕಿವಿರಿನ ಹಿಂದೆ ಓರೆಯಾಗಿ ನಡುಮುಳ್ಳು ಸಿಗುವವರೆಗೆ ಕೊಯ್ದು, ಕತ್ತಿಯನ್ನು ಮಲಗಿಸಿ, ನಡುಮುಳ್ಳಿಗೆ ತಾಗಿಸಿಕೊಂಡೇ ಬಾಲದವರೆಗೆ ಎಳೆದ. ಒಂದು ಬದಿಯ ಮಾಂಸ ಹಾಳೆಯಂತೆ ಬಿಟ್ಟುಕೊಂಡಿತು. ಪಕ್ಕೆಯ ಮುಳ್ಳುಗಳನ್ನು ಹೆರೆದು ತೆಗೆದ. ಆಮೇಲೆ ಉಳಿದದ್ದು ಕಣ್ಣಿಗೆ ಕಾಣದ ಸೂಜಿಮುಳ್ಳು. ಮಾಂಸದ ನಡುವೆ ಸಾಲಾಗಿ ಹೂತಿದ್ದವು. ಬೆರಳು ಸವರಿದರೆ ಮಾತ್ರ ತುದಿ ತಾಗುತ್ತಿತ್ತು.

ಅಚ್ಚುಕೂಟದ ಅಭ್ಯಾಸದಂತೆ ಚಿಮಟದಲ್ಲಿ ಹಿಡಿದು ನೇರ ಮೇಲಕ್ಕೆತ್ತಿದ. ಮುಳ್ಳಿನ ಜೊತೆ ಮಾಂಸವೂ ಎದ್ದುಬಂತು. ಇನ್ನೊಂದು, ಮತ್ತೊಂದು. ಸ್ವಲ್ಪ ಹೊತ್ತಿನಲ್ಲಿ ಆ ಬದಿ ಕೋಳಿ ಕೆದರಿದ ತಿಪ್ಪೆಯಂತಾಯಿತು.

"ಅದನ್ನು ಸಾರಿಗೆ ಹಾಕ್ತೇನೆ, ಕೊಡು," ಎಂದರು ಅಮ್ಮಣಿ. "ಮುಳ್ಳು ಮಲಗಿದ ಕಡೆಗೇ ಎಳೀಬೇಕು. ನಿನ್ನ ಸೀಸದ ಅಕ್ಷರವಾ ಅದು, ನೆಟ್ಟಗೆ ನಿಲ್ಲಲಿಕ್ಕೆ?"

ಎರಡನೆಯ ಬದಿಗೆ ಬುದ್ಧಿ ಬಂತು. ಎಡಗೈಯ ಎರಡು ಬೆರಳಿಂದ ಮಾಂಸವನ್ನು ಅದುಮಿ ಹಿಡಿದು, ಮುಳ್ಳಿನ ತುದಿಯನ್ನು ಚಿಮಟದಲ್ಲಿ ಹಿಡಿದು, ತಲೆಯ ಕಡೆಗೆ ಓರೆಯಾಗಿ ಎಳೆದ. ಬೆಣ್ಣೆಯಿಂದ ಕೂದಲು ಎಳೆದಂತೆ ಬಂತು. ಪ್ರತಿ ಮುಳ್ಳಿಗೂ ಮಾವನ ಒಂದೊಂದು ಮಾತು ನೆನೆಸಿಕೊಂಡ. ಕುತ್ತಿಗೆ ಹಿಡಿದಳು, ಇದು ಅದಕ್ಕೆ. ಇನ್ನಷ್ಟು ಬೆಳೀಲಿ, ಇದು ಅದಕ್ಕೆ. ಗಾಳ ನುಂಗಿದ, ಇದು ಅದಕ್ಕೆ. ಮಾತುಗಳು ಮುಗಿಯುವ ಮೊದಲೇ ಮುಳ್ಳು ಮುಗಿದದ್ದು ಅವನಿಗೆ ಬೇಸರವೇ ಆಯಿತು.

ಮಧ್ಯಾಹ್ನ ಪಂಕ್ತಿ ಕೂತಿತು. ಸಂಕಪ್ಪನಿಗೂ ಕಿನ್ನಿಗೂ, ನೋಣಯ್ಯನೇ ಇನ್ನೊಂದು ಮೀನಿನಿಂದ ತಂದ ದಪ್ಪ ತುಂಡುಗಳು, ನಡುಮುಳ್ಳಿನ ಸಮೇತ. ಗುರುವಪ್ಪ ತನ್ನ ಎಲೆಯ ಮೇಲೆ ಆಗಲೇ ಕೈ ಅಡ್ಡ ಹಿಡಿದು, "ನನಗೆ ಬೇಡ, ಹೊಟ್ಟೆ..." ಎಂದು ಶುರುಮಾಡಿದ್ದ.

"ಮಾವ, ನಿಮಗೆ ಬೇರೆ ಉಂಟು," ಎಂದ ನೋಣಯ್ಯ, ಅಭ್ಯಾಸ ಮಾಡಿದ ಮಾತು ಮೊದಲ ಸಲ ಬಾಯಿಗೆ ಸರಿಯಾಗಿ ಬಂದ ಖುಷಿಯಲ್ಲಿ. "ಒಂದೂ ಮುಳ್ಳಿಲ್ಲ. ಎಲ್ಲ ತೆಗೆದಿದ್ದೇನೆ. ನಿಮ್ಮ ಹಲ್ಲಿಗೆ ಕಷ್ಟ ಆಗಬಾರದಲ್ಲ!"

ಸಂಕಪ್ಪನ ಕೈ ಬಾಯಿಯ ಹತ್ತಿರ ನಿಂತಿತು. ಅಮ್ಮಣಿ ಸೌಟು ಹಿಡಿದೇ ಕಲ್ಲಾದರು. ಗುರುವಪ್ಪ ಅಳಿಯನನ್ನು ನೋಡಿದ. ಎಡಗೈಯನ್ನು ನೆಲಕ್ಕೂರಿದ. ಎದ್ದ, ಇನ್ನೇನು ಎದ್ದ ಎಂದುಕೊಂಡ ನೋಣಯ್ಯನಿಗೆ ಆಗ ಮಾತ್ರ ದೇಯಿಯ ಮುಖ ಕಣ್ಣ ಮುಂದೆ ಬಂತು.

ಗುರುವಪ್ಪ ಚಕ್ಕಳಮಕ್ಕಳ ಸರಿಮಾಡಿಕೊಂಡ ಅಷ್ಟೇ. ಖಾರ ಹಚ್ಚಿ ಕಾವಲಿಯಲ್ಲಿ ಕಾಯಿಸಿದ ಆ ಕೆಂಪು ಹಾಳೆಯ ಒಂದು ಮೂಲೆ ಮುರಿದು ಬಾಯಿಗಿಟ್ಟ. ಕಣ್ಣು ಮುಚ್ಚಿದ. ಮತ್ತೆ ಮುರಿದ, ಮತ್ತೆ. ಎಲೆ ಖಾಲಿಯಾದ ಮೇಲೆ, ಆ ಸ್ವರ ಅವನದೇ ಎಂದು ನಂಬಲಾಗದಷ್ಟು ಮೆಲ್ಲಗೆ ಕೇಳಿದ, "ಇನ್ನುಂಟಾ?"

ಇತ್ತು. ಅದನ್ನೂ ತಿಂದು ಮುಗಿಸಿದಾಗ ಅವನ ಧಕ್ಕೆಯ ಸ್ವರ ವಾಪಸು ಬಂದಿತ್ತು. "ಸಂಕಪ್ಪಣ್ಣ, ನೋಡಿದ್ರಾ? ಮಾವನಿಗೆ ಕೂತು ಒಂದೊಂದು ಮುಳ್ಳು ಹೆಕ್ಕಿದ್ದಾನೆ! ನಿಮ್ಮ ಕಡೆ ಯಾವ ಅಳಿಯ ಮಾಡಿದ್ದುಂಟು ಹೇಳಿ? ಇಷ್ಟು ತಾಳ್ಮೆಯವನಿಗೆ ಹೆಣ್ಣು ಕೊಡಲಿಕ್ಕೆ ಇನ್ನು ಎಂತ ಯೋಚನೆ?"

ಸಂಕಪ್ಪ ತನ್ನ ಅಳಿಯಂದಿರನ್ನು ನೆನೆದುಕೊಂಡನೋ ಏನೋ, ಉದ್ದಕ್ಕೆ ಉಸಿರು ಬಿಟ್ಟು, "ಯೋಚನೆ ಎಂತದೂ ಇಲ್ಲ," ಎಂದ. ಕಿನ್ನಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಎಲೆ ಎತ್ತುವ ಮೊದಲೇ ಮದುವೆ ನಿಶ್ಚಯವಾಯಿತು.

ಎಲ್ಲರೂ ನಗುತ್ತಿದ್ದರು. ನೋಣಯ್ಯನೊಬ್ಬ ನಗಲಿಲ್ಲ. ದೇಯಿ ಸಿಕ್ಕಿದಳು ನಿಜ, ಆದರೆ ಈ ಮನುಷ್ಯನ ಕೈಯಿಂದ ಸಿಕ್ಕಿದಳು! ಬೆಳಗ್ಗಿನಿಂದ ಬೆನ್ನು ಬಗ್ಗಿಸಿ ಮಾಡಿದ ಸೇಡನ್ನು ಮುದುಕ ಚಪ್ಪರಿಸಿ ತಿಂದುಬಿಟ್ಟನಲ್ಲ!

ಕೂಳೂರಿನವರನ್ನು ಬೀಳ್ಕೊಟ್ಟ ಮೇಲೆ ಅಂಗಳದಲ್ಲಿ ಗುರುವಪ್ಪ ಅಳಿಯನ ಹೆಗಲಿಗೆ ಕೈ ಹಾಕಿದ. "ನನ್ನ ಹಲ್ಲು ಹೋದದ್ದು ನಿನಗೆ ಗೊತ್ತಿತ್ತು. ಸೇಡು ತೀರಿಸಲಿಕ್ಕೇ ಮಾಡಿದ್ದಲ್ವಾ?"

"ಹೌದು," ಎಂದ ನೋಣಯ್ಯ.

"ಒಳ್ಳೇದಾಯ್ತು. ಮಳೆಗಾಲದಿಂದ ಇತ್ತ ಮೀನಿನ ರುಚಿ ನೋಡಿರಲಿಲ್ಲ. ಬರುವ ಆದಿತ್ಯವಾರ ಇನ್ನೊಮ್ಮೆ ತೀರಿಸು. ಮೀನು ನಾನು ಕಳಿಸ್ತೇನೆ."

ನೋಣಯ್ಯ ಹೆಗಲ ಮೇಲಿನ ಕೈ ಇಳಿಸಿದ. "ತೆಗೀತೇನೆ. ಆದರೆ ಹಲ್ಲಿಲ್ಲದ್ದಕ್ಕೆ ಅಂತ ಧಕ್ಕೆಯಲ್ಲಿ ನೀವೇ ಹೇಳ್ಬೇಕು. ನನ್ನ ಕತೆ ಯಾರಿಗೆಲ್ಲ ಹೇಳಿದ್ದೀರೋ ಅವರಿಗೆಲ್ಲ."

"ಹುಚ್ಚಾ ನಿನಗೆ? ನನ್ನ ಒಂದು ಕೂಗಿಗೆ ಅಲ್ಲಿ ಕೆಲಸ ನಡೀತದೆ. ಹಲ್ಲಿಲ್ಲ ಅಂದ್ರೆ ಯಾರು ಹೆದರ್ತಾರೆ?"

"ಹಾಗಾದ್ರೆ ಗಂಜಿ ಕುಡೀರಿ."

"ಅರ್ಧ ಜನಕ್ಕೆ ಹೇಳಿದ್ರೆ ಸಾಲ್ದಾ?"

"ಎಲ್ಲರಿಗೂ."

ಗುರುವಪ್ಪ ಉಗುಳಿ, ಹೋಗ್ತೇನೆ ಎಂದೂ ಹೇಳದೆ ಹೋದ. ಆ ವಾರವಿಡೀ ನೋಣಯ್ಯ ತಪ್ಪು ಮೊಳೆಯ ಬದಲು ಸರಿಯಾದ ಮೊಳೆಗಳನ್ನೇ ಕಿತ್ತು ಬೈಗುಳ ತಿಂದ.

ಆದಿತ್ಯವಾರ ಬೆಳಗ್ಗೆ ಯೂಸುಫ್ ಬಂದ. ಕೈಯಲ್ಲಿ ಹಿಂದಿನದಕ್ಕಿಂತ ದೊಡ್ಡ ರಾವಸ. "ನಿನ್ನ ಮಾವ ಕಳಿಸಿದ್ದು," ಎಂದು ಮೀನು ಕೆಳಗಿಟ್ಟು, ಅಲ್ಲೇ ಕುಸಿದು ಕೂತು ನಗತೊಡಗಿದ.

"ಹೇಳಿದನಾ?"

"ಹೇಳಿದ! ಹಂಚು ಹೊತ್ತವರನ್ನೆಲ್ಲ ಹೊತ್ತ ಹಾಗೇ ನಿಲ್ಲಿಸಿ ಹೇಳಿದ. 'ನನ್ನ ದವಡೆ ಹಲ್ಲು ಹೋಗಿದೆ, ಅಳಿಯ ಮುಳ್ಳು ತೆಗೆದು ಕೊಟ್ರೆ ಮಾತ್ರ ಮೀನು. ನಗುವವರು ಈಗಲೇ ನಕ್ಕುಬಿಡಿ, ನಾಳೆ ನಕ್ಕವನಿಗೆ ಕೆಲಸ ಇಲ್ಲ!' ಅಂದ."

"ನಕ್ಕರಾ?"

"ನಕ್ಕರಾ ಅಂತ ಕೇಳ್ತೀಯಾ? ಒಬ್ಬ ಹಂಚು ಕೆಳಗೆ ಹಾಕಿದ. ಮಂಜಿಯ ಮೇಲಿದ್ದವರು, ಎಂತ ಎಂತ ಅಂತ ಕೇಳಿ ತಿಳಿದು, ಇಳಿದು ಬಂದು ನಕ್ಕು ಹೋದ್ರು."

ನೋಣಯ್ಯ ಹಲಗೆ ತಂದು ಮೀನನ್ನು ಮಲಗಿಸಿದ. ಕತ್ತಿ ಮಸೆದ. ಚಿಮಟವನ್ನು ಬಿಸಿನೀರಿಗೆ ಹಾಕಿದ.

"ಮೊದಲಿಂದ ಹೇಳು," ಎಂದ. "ಮೊದಲು ನಕ್ಕದ್ದು ಯಾರು?"

ಯೂಸುಫ್ ಮೊದಲಿಂದ ಹೇಳಿದ. ಒಂದು ಬದಿಯ ಮುಳ್ಳು ಮುಗಿಯುವಾಗ ಕತೆಯೂ ಮುಗಿಯಿತು. ನೋಣಯ್ಯ ಮೀನನ್ನು ಮಗುಚಿ, ಇನ್ನೊಮ್ಮೆ ಹೇಳಿಸಿದ.