ನೆಲಕ್ಕೆ ಹಾಕಿದ ಮೇವು

ಬೆಳಗಿನ ಐದೂವರೆ. ಕ್ಯೋಟೊದಲ್ಲಿ ನಾನೂ ಕೆಲಸ ಮಾಡುವ ಪ್ರಯೋಗಾಲಯದ ನೆಲಮಾಳಿಗೆಯಲ್ಲಿ, ಇಲಿಗಳನ್ನು ನೋಡಿಕೊಳ್ಳುವ ಕುವಾನೊ ಫುಮಿಯೆ ಮುಖಗವಸು ಕಟ್ಟಿಕೊಂಡು ಬಾಗಿಲು ತಳ್ಳುತ್ತಾರೆ. "ಎದ್ರಾ?" ಎಂದು ಇಲಿಗಳನ್ನು ಕೇಳುತ್ತಾರೆ. ಇಪ್ಪತ್ತಾರು ವರ್ಷದಿಂದ ಉತ್ತರ ಬಂದಿಲ್ಲ. ದಿನಕ್ಕೆ ಇನ್ನೂರು ಪೆಟ್ಟಿಗೆ: ನೀರು ತುಂಬಬೇಕು, ಮೇಲಿನ ಜಾಲರಿಯಲ್ಲಿ ಮೇವಿನ ಉಂಡೆ ಇಡಬೇಕು. ಇಲಿ ಹಿಂಗಾಲ ಮೇಲೆ ನಿಂತು ಅದನ್ನು ಕಡಿಯುತ್ತದೆ.

ಅರವತ್ತಮೂರರ ಫುಮಿಯೆಗೆ ಆಮವಾತ. ಬೆರಳ ಗಂಟುಗಳು ಊದಿವೆ. "ಬೆಳಗ್ಗೆ ಶೀಶೆ ಮುಚ್ಚಳ ತಿರುಗ್ಸಕ್ಕೂ ಆಗಲ್ಲ. ಎಂಟು ಗಂಟೆ ಆದ್ಮೇಲೆ ಕೈ ನನ್ನ ಮಾತು ಕೇಳತ್ತೆ."

ನಮ್ಮ ಮೈ ಕಾಯುವ ಟಿ ಜೀವಕೋಶಗಳ ಮೇಲೆ ಬ್ರೇಕಿನಂಥ ಒಂದು ಪ್ರೋಟೀನು ಇರುತ್ತದೆ. ಮೈಯ ಅಂಗಗಳು ಅದನ್ನು ಒತ್ತಿದರೆ ಕೋಶ ದಾಳಿ ಮಾಡದೆ ತಣ್ಣಗಾಗುತ್ತದೆ. ಸಂಶೋಧಕ ಇಬುಕಿ, ನಮಗೆಲ್ಲ 'ಸೆನ್ಸೆ' ಅಂದರೆ ಗುರು, ನಾಲ್ಕನೇ ಕೋಣೆಯಲ್ಲಿ ಈ ಬ್ರೇಕಿಲ್ಲದ ಇಲಿಗಳನ್ನು ಬೆಳೆಸಿದ್ದರು. ಬೇಲಿಯೇ ಎದ್ದು ಹೊಲ ಮೇಯುತ್ತದೆ, ಇಲಿಗಳು ಸೊರಗುತ್ತವೆ ಎಂಬುದು ಅವರ ಎಣಿಕೆ. ಹತ್ತು ತಿಂಗಳಾದರೂ ತೂಕ ಇಳಿಯಲಿಲ್ಲ. ಪ್ರಯೋಗ ಸೋತಿತೆಂದು, ಕೋಣೆ ಖಾಲಿ ಮಾಡಿ ಎಂಬ ಚೀಟಿ ಬಾಗಿಲಿಗೆ ಬಿತ್ತು. ಖಾಲಿ ಎಂದರೆ ಅಷ್ಟೂ ಇಲಿಗಳ ಸಾವು.

ಅದೇ ವಾರ ಇಲಿಗಳ ಸ್ಮರಣೆಯ ದಿನ. ಪ್ರತಿ ಅಕ್ಟೋಬರಿನಲ್ಲಿ ಹಿತ್ತಲಿನ ಕಲ್ಲಿಗೆ ಸೇವಂತಿಗೆ ಇಟ್ಟು, ಪ್ರಯೋಗದಲ್ಲಿ ಸತ್ತ ಇಲಿಗಳಿಗೆ ನಾವೆಲ್ಲ ಕೈಮುಗಿಯುತ್ತೇವೆ. ಹೂವಿಟ್ಟು ಬಗ್ಗಿದ ಫುಮಿಯೆ ತಲೆ ಎತ್ತದೆಯೇ ಹೇಳಿದರು:

"ಸೆನ್ಸೆ, ತಪ್ಪಾಯ್ತು. ನಾಲ್ಕನೇ ಕೋಣೆಲಿ ಐದು ತಿಂಗಳಿಂದ ಮೇವು ನೆಲಕ್ಕೆ ಹಾಕ್ತಿದೀನಿ."

"ಯಾಕೆ?"

"ಅವಕ್ಕೆ ನಿಂತ್ಕೊಳಕ್ಕೆ ಆಗ್ತಿರ್ಲಿಲ್ಲ. ಬೆಳಗ್ಗೆ ನಂಗಾಗೋ ಹಾಗೇ. ನೋಡಕ್ಕಾಗ್ಲಿಲ್ಲ."

ಇಬುಕಿ ಸೆನ್ಸೆ ಅವರ ಪಕ್ಕದಲ್ಲೇ ಕುಕ್ಕರಿಸಿದರು. "ಕುವಾನೊ-ಸಾನ್, ನಾನು ಹತ್ತು ತಿಂಗಳು ಬರೀ ತಕ್ಕಡಿ ನೋಡ್ಕೊಂಡ್ ಕೂತಿದ್ದೆ. ಮೇವು ನೆಲದಲ್ಲೇ ಸಿಕ್ರೆ ತೂಕ ಹೇಗೆ ಇಳಿಯತ್ತೆ? ಕಾಲು ನೋಡ್ಲೇ ಇಲ್ಲ."

ಕೆಲಸ ಹೋಯಿತೆಂದೇ ಫುಮಿಯೆ ಅಂದುಕೊಂಡಿದ್ದರು. ಎರಡು ವಾರದ ಮೇಲೆ ಸೂಕ್ಷ್ಮದರ್ಶಕದಡಿ ಆ ಇಲಿಗಳ ಕೀಲುಗಳನ್ನು ನೋಡಿದಾಗ ಟಿ ಕೋಶಗಳು ಮುತ್ತಿಕೊಂಡಿದ್ದವು. ಹೊರಗಿನ ಶತ್ರು ಯಾರೂ ಇರಲಿಲ್ಲ; ಫುಮಿಯೆಯ ಆಮವಾತದಲ್ಲೂ ಆಗುವುದು ಇದೇ. ಬಾಗಿಲಿನ ಚೀಟಿಯನ್ನು ಸೆನ್ಸೆಯೇ ಕಿತ್ತರು. ಅಲ್ಲೀಗ ಒಂದು ಪುಸ್ತಕ ತೂಗುತ್ತದೆ: ಯಾವ ಇಲಿ ಹೇಗೆ ನಡೆಯಿತೆಂದು ಬರೆಯುವುದು ಫುಮಿಯೆಯ ಕೆಲಸ.

ಮೇವು ಈಗಲೂ ನೆಲದ ಮೇಲೇ. ಅದನ್ನೂ ಬರೆಯುತ್ತಾರೆ.

ನಿಮಗೇನು ಆಸೆ ಎಂದು ಕೇಳಿದೆ. ಊದಿದ ಬೆರಳಲ್ಲಿ ಪೆನ್ನು ಹಿಡಿದೇ ಹೇಳಿದರು: "ಮುಂದಿನ ಅಕ್ಟೋಬರಲ್ಲಿ ಹೂವಿಡೋವಾಗ ಅವಕ್ಕೆ ಒಂದ್ ಮಾತು ಹೇಳ್ಬೇಕು. ನಿಮ್ ನೋವು ಒಂದು ದಿನಾನೂ ಬಿಡ್ದೆ ಬರ್ದಿದೀನಿ ಅಂತ."