ಹಾಲಿಸ್ ಕೊಂಡ ಓಟದ ದೋಣಿ

ಹಾಲಿಸ್ ಸಿಬ್ಲಿ ಮರದ ಮಿಲ್ಲಿನಲ್ಲಿ ಹಸಿ ಹಲಗೆ ಎಳೆದು ಎಳೆದೇ ಮುದುಕನಾದವನು. ಗರಗಸದ ಕಿರುಚಾಟಕ್ಕೆ ಎಡಗಿವಿ ಪೂರ್ತಿ ಹೋಗಿ, ಬಲಗಿವಿ ಅರ್ಧ ಉಳಿದಿತ್ತು. ಅವನ ಹೆಂಡತಿ ವರ್ನೆಲ್ ಶಾಲೆಯ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬೇಯಿಸುತ್ತ ಕಾಲು ಸವೆಸಿದವಳು. ಮಕ್ಕಳಿರಲಿಲ್ಲ. ಸಬೀನ್ ನದಿಯ ಅಣೆಕಟ್ಟಿನ ಹಿಂದೆ ಹರಡಿ ನಿಂತ ನೀರಿತ್ತು, ವಾರಕ್ಕೊಂದು ಶನಿವಾರವಿತ್ತು. ಅಷ್ಟರಲ್ಲೇ ಇಬ್ಬರ ಬಾಳೂ ತುಂಬಿಕೊಂಡಿತ್ತು.

ಶನಿವಾರ ಎಂದರೆ ಗಂಡಹೆಂಡಿರ ಬಾಸ್ ಮೀನಿನ ಪಂದ್ಯ. ದೋಣಿಯ ಮುಂದಿನ ಕಟ್ಟೆಯ ಮೇಲೆ ಗಂಡ, ಹಿಂದಿನ ಕಟ್ಟೆಯ ಮೇಲೆ ಹೆಂಡತಿ, ಇಬ್ಬರೂ ನಿಂತು ಗಾಳ ಬೀಸುವುದು. ಬೆಳಕು ಹರಿಯುತ್ತಲೇ ಚೀಟಿಯಲ್ಲಿ ಬಂದ ಸಂಖ್ಯೆಯಂತೆ ದೋಣಿಗಳನ್ನು ಬಿಡುವರು. ಮಧ್ಯಾಹ್ನ ಇಳಿಯುವುದರೊಳಗೆ ಐದು ಮೀನುಗಳನ್ನು ಜೀವಂತ ತಂದು ತಕ್ಕಡಿಗೆ ಹಾಕಬೇಕು. ಸಿಬ್ಲಿ ದಂಪತಿಯದು ಹಳೆಯ ಅಲ್ಯುಮಿನಿಯಂ ದೋಣಿ, ಅದು ತೆವಳಿಕೊಂಡು ಮೀನಿನ ಜಾಗ ತಲುಪುವ ಹೊತ್ತಿಗೆ ಅಲ್ಲಿ ಬೇರೆಯವರು ಬುತ್ತಿ ಬಿಚ್ಚಿರುತ್ತಿದ್ದರು.

ಬ್ಯುಫರ್ಡ್ ಟ್ಯಾಲಿ ಎಂಬ ದಡೂತಿ ಮನುಷ್ಯ ಪ್ರತಿ ವಾರವೂ ಕೆಣಕುತ್ತಿದ್ದ. "ಏನ್ ಹಾಲಿಸ್, ಹೋದ ವಾರದ ಪಂದ್ಯ ಮುಗಿಸ್ಕೊಂಡು ಈಗ ಬರ್ತಾ ಇದೀಯಾ?"

ಹಾಲಿಸ್‌ಗೆ ಅರ್ಧ ಕೇಳಿಸುತ್ತಿರಲಿಲ್ಲ. ಉತ್ತರ ಕೊಡುತ್ತಿದ್ದವಳು ವರ್ನೆಲ್. "ನಿನ್ ದೋಣಿ ಮೀನನ್ನೂ ದಾಟ್ಕೊಂಡು ಮುಂದೆ ಹೋಗ್ಬಿಡುತ್ತೆ ಕಣೋ ಬ್ಯುಫರ್ಡ್. ಅದಕ್ಕೇ ನಿನ್ ಹೆಂಡ್ತಿ ಬರಿಗೈಲಿ ಮನೆಗ್ ಬರ್ತಾಳೆ."

ಅವಳ ನಾಲಿಗೆಗೇನೂ ಆಗಿರಲಿಲ್ಲ. ಕೆಟ್ಟದ್ದು ಕಾಲು. ಸಕ್ಕರೆ ಕಾಯಿಲೆ ಪಾದದ ನರಗಳನ್ನು ತಿನ್ನುತ್ತ ಬಂದಿತ್ತು. ಮೊದಲು ಬೆರಳುಗಳು ಸತ್ತವು, ಆಮೇಲೆ ಅಂಗಾಲು. ನೆಲ ತಣ್ಣಗಿದೆಯೋ ಬಿಸಿಯಾಗಿದೆಯೋ ತಿಳಿಯುತ್ತಿರಲಿಲ್ಲ. ಕಣ್ಣು ಕೆಳಗಿಟ್ಟು ನೋಡಿಯೇ ಹೆಜ್ಜೆ ಇಡಬೇಕು. ಇದು ಮೇಲಕ್ಕೇ ಏರುವ ಕಾಯಿಲೆ, ಇಳಿಯುವುದಿಲ್ಲ ಎಂದು ವೈದ್ಯರು ಹೇಳಿದ ದಿನ ವರ್ನೆಲ್ ಅಳಲಿಲ್ಲ. ಟ್ರಕ್ಕಿಗೆ ಹತ್ತಿ ಕೂತು ಗಂಡನಿಗೆ ಒಂದೇ ಮಾತು ಹೇಳಿದಳು: "ಅಡುಗೆಮನೇಲಿ ಕೂತ್ಕೊಂಡು ಕೆಲ್ಸ ಮಾಡ್ತೀನಿ, ಚರ್ಚಲ್ಲಿ ಕೂತ್ಕೊಂಡು ಹಾಡ್ತೀನಿ. ಆದ್ರೆ ದೋಣೀಲಿ ಮಾತ್ರ ಕೂರಿಸ್ಬೇಡ. ಕಾಲು ಇರೋವರ್ಗೂ ಅಲ್ಲಿ ನಿಲ್ತೀನಿ."

ಹಳೆಯ ದೋಣಿ ಹಗುರ. ಸಣ್ಣ ಅಲೆಗೂ ಹೊರಳಾಡುತ್ತಿತ್ತು, ಅವಳು ಎರಡು ಸಲ ಆಯತಪ್ಪಿ ನೀರಿಗೆ ಬೀಳುವುದರಲ್ಲಿದ್ದಳು. ಅದಕ್ಕಾಗಿಯೇ ಹೊಸ ದೋಣಿಯ ಮಾತು ಹುಟ್ಟಿದ್ದು. ಬೇರಾವ ಕಾರಣವೂ ಆಗ ಹಾಲಿಸ್‌ನ ಮನಸ್ಸಿನಲ್ಲಿರಲಿಲ್ಲ.

ಹಳೆಯ ದೋಣಿಗಳನ್ನು ಕೊಂಡು ರಿಪೇರಿ ಮಾಡಿ ಮಾರುತ್ತಿದ್ದ ಅಲ್ಸಿ ಪ್ರೂಡೋಮ್ ಮಾತು ಕಡಿಮೆಯ ಮನುಷ್ಯ. ಅವನ ಅಂಗಳದಲ್ಲಿ ಎರಡು ದೋಣಿಗಳಿದ್ದವು. ವಸಂತದ ಒಂದು ಬೆಳಿಗ್ಗೆ ಎರಡನ್ನೂ ನೀರಿಗಿಳಿಸಿ ತೋರಿಸಿದ.

ಒಂದು ಅಗಲ ಹೊಟ್ಟೆಯದು, ಗಬ್ಬದ ಎಮ್ಮೆಯ ಹಾಗೆ ನೀರಲ್ಲಿ ಕೂರುತ್ತಿತ್ತು. ಹಿಂದಿನ ಕಟ್ಟೆ ಮಂಚದಷ್ಟು ಅಗಲ, ಸುತ್ತ ಮೊಣಕಾಲೆತ್ತರದ ಅಂಚು. ವರ್ನೆಲ್ ಅದರ ಮೇಲೆ ನಿಂತು ಕಣ್ಣು ಮುಚ್ಚಿದಳು.

"ನಡಿ ಹಾಲಿಸ್, ಈ ಅಂಚಿಂದ ಆ ಅಂಚಿಗೆ ನಡಿ. ಗೂಳಿ ಥರ ನಡಿ."

ಹಾಲಿಸ್ ಧಪಧಪ ನಡೆದ. ದೋಣಿ ಜಗ್ಗಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡೇ ಗಾಳ ಬೀಸಿದಳು. ದಾರ ಹೋಗಿ ಹುಲ್ಲಿನ ಅಂಚಿಗೇ ಬಿತ್ತು. ಕಣ್ಣು ತೆರೆದಾಗ ಅವಳ ಮುಖದಲ್ಲಿದ್ದದ್ದನ್ನು ನೋಡಿ ಅಲ್ಸಿ ಬೇರೆ ಕಡೆ ತಿರುಗಿಕೊಂಡ. ಆದರೆ ಆ ದೋಣಿ ಓಡುವಷ್ಟು ಓಡಿದರೂ ಗಂಟೆಗೆ ನಲವತ್ತೈದು ಮೈಲಿ ದಾಟಲಿಲ್ಲ.

ಇನ್ನೊಂದು ದೋಣಿಗೆ ಕಿರಿದಾದ ಸೊಂಟ, ಮಿನುಗುವ ಕೆಂಪು ಬಣ್ಣ. ವೇಗದ ಹಿಡಿ ಒತ್ತಿದರೆ ಮೂತಿ ಆಕಾಶಕ್ಕೆತ್ತಿ, ಆಮೇಲೆ ಚಪ್ಪಟೆಯಾಗಿ, ಹಿಂದಿನ ಗೇಣಗಲದ ತಳವೊಂದನ್ನೇ ನೀರಿಗೆ ತಾಗಿಸಿ ಹಾರುತ್ತಿತ್ತು. ಎಪ್ಪತ್ತು ಮೈಲಿ ದಾಟಿತು. ಹಾಲಿಸ್‌ನ ಟೋಪಿ ಎಲ್ಲೋ ಹೋಯಿತು. ಹುಟ್ಟಿದಾಗಿನಿಂದ ಎಲ್ಲರ ಹಿಂದೆಯೇ ಬಂದ ಮನುಷ್ಯ ಅವನು: ಮಿಲ್ಲಿನಲ್ಲಿ ಬಡ್ತಿಯ ಸಾಲಿನಲ್ಲಿ ಹಿಂದೆ, ನೀರಿನ ಮೇಲೂ ಹಿಂದೆ. ಆ ಬೆಳಿಗ್ಗೆ ಮೊದಲ ಸಲ ಅವನ ಮುಂದೆ ಯಾರೂ ಇರಲಿಲ್ಲ.

ದೋಣಿ ನಿಲ್ಲಿಸಿದಾಗ ವರ್ನೆಲ್ ಹಿಂದಿನ ಕಟ್ಟೆ ಹತ್ತಿದಳು. ಹಾಲಿಸ್ ಒಂದು ಹೆಜ್ಜೆ ಸರಿದನಷ್ಟೆ, ದೋಣಿ ವಾಲಿತು. ಅವಳು ಕಟ್ಟೆಗೆ ನೆಟ್ಟಿದ್ದ ಕುರ್ಚಿಯ ಕಂಬ ಅಪ್ಪಿಕೊಂಡಳು.

ಅಲ್ಸಿ ತುಟಿಯಂಚಿನಲ್ಲಿ ಹೊಗೆಸೊಪ್ಪು ಸರಿಸಿಕೊಂಡು ಹೇಳಿದ: "ಇದು ನಿಮ್ಮನ್ನ ಮೀನಿನ ಹತ್ರ ಕರ್ಕೊಂಡು ಹೋಗುತ್ತೆ. ಅದು ಮೀನು ಹಿಡಿಯೋಕೆ ಬಿಡುತ್ತೆ. ಎರಡೂ ಒಂದ್ರಲ್ಲೇ ಇರೋ ದೋಣಿ ನನ್ ಅಂಗಳಕ್ಕೆ ಇನ್ನೂ ಬಂದಿಲ್ಲ."

ಹಾಲಿಸ್ ಹೆಂಡತಿಯ ಕಡೆ ನೋಡದೆ ಮಾತಾಡಿದ. "ಇದ್ರಲ್ಲಿ ಬೇಗ ಹೋಗ್ತೀವಿ ಕಣೇ. ಬೇಗ ಹೋದ್ರೆ ಅಲೆ ಏಳೋದ್ರೊಳಗೆ ನೀನು ನಿಲ್ಬೋದು. ನಿನ್ ಸೊಂಟಕ್ಕೆ ಆನಿಕೊಳ್ಳೋಕೆ ಒಂದು ಕಂಬ ಹಾಕಿಸ್ತೀನಿ. ಎಲ್ಲಾ ನಿನಗೋಸ್ಕರಾನೇ ಯೋಚ್ನೆ ಮಾಡಿದ್ದು."

"ನನ್ ಹೆಸ್ರಲ್ಲಿ ತಗೋಬೇಡ," ಎಂದಳು ವರ್ನೆಲ್. "ನಿಂಗೆ ಬೇಕು ಅಂತ ಹೇಳು, ತಗೋ. ನಾನೇನ್ ಬೇಡ ಅಂತೀನಾ?"

"ನಿನಗೋಸ್ಕರಾನೇ ಅಂದೆನಲ್ಲ."

ಕೆಂಪು ದೋಣಿಯೇ ಮನೆಗೆ ಬಂತು.

ಆ ಬೇಸಿಗೆ ಕೆಟ್ಟದ್ದಾಗಿರಲಿಲ್ಲ. ಅದನ್ನೂ ಹೇಳಬೇಕು. ಬ್ಯುಫರ್ಡ್‌ನ ದೋಣಿಯ ಪಕ್ಕದಲ್ಲೇ ಹಾರಿ ಅವನ ಮುಖಕ್ಕೆ ನೀರು ಸಿಡಿಸಿದ ದಿನ ವರ್ನೆಲ್ ಕೇಕೆ ಹಾಕಿದಳು. ಓಡುವ ದೋಣಿಯಲ್ಲಿ ಎಲ್ಲರೂ ಕೂತಿರುತ್ತಾರೆ, ಕಾಲಿನ ಸಮಾಚಾರವೇ ಏಳುವುದಿಲ್ಲ. ಬೆಳ್ಳಿಗೂದಲು ಹಾರಿಸಿಕೊಂಡು ಕಣ್ಣೀರು ಸುರಿಸಿಕೊಂಡು ಅವಳು ನಗುತ್ತಿದ್ದಳು. ಒಂದು ಪಂದ್ಯದಲ್ಲಿ ಎರಡನೆಯ ಸ್ಥಾನವೂ ಬಂತು. ಆದರೆ ದೋಣಿ ನಿಂತ ಮೇಲೆ ಬೇರೆ ಕಥೆ. ಕಂಬಕ್ಕೆ ಆನಿಕೊಂಡು ಸ್ವಲ್ಪ ಹೊತ್ತು ನಿಲ್ಲುವಳು. ಯಾವನಾದರೂ ದೂರದಲ್ಲಿ ದೋಣಿ ಓಡಿಸಿದರೆ ಸಾಕು, ಅಲೆ ಬಂದು ಇವಳ ಕಾಲಕೆಳಗಿನ ಹಲಗೆಯನ್ನೇ ಎಳೆದಂತಾಗುವುದು. ಆಗ ಕೂತುಬಿಡುವಳು. ಬೇಸಿಗೆ ಮುಗಿಯುವ ಹೊತ್ತಿಗೆ ಅವಳು ನಿಲ್ಲುತ್ತಿದ್ದುದಕ್ಕಿಂತ ಕೂರುತ್ತಿದ್ದುದೇ ಹೆಚ್ಚು. ಹಾಲಿಸ್ ಮುಂದಿನ ಕಟ್ಟೆಯ ಮೇಲೆ ಬೆನ್ನು ಹಾಕಿ ನಿಂತಿರುತ್ತಿದ್ದ. ಅವನಿಗೆ ಕಾಣುತ್ತಿರಲಿಲ್ಲ, ಕಂಡರೂ ತಿರುಗುತ್ತಿರಲಿಲ್ಲ.

ಆ ನೀರಿನ ಕೆಳಗೆ ಒಂದು ಕಾಡಿದೆ. ಹಾಲಿಸ್ ಹುಡುಗನಾಗಿದ್ದಾಗ ಅದು ಒಣನೆಲ, ಅವನ ಚಿಕ್ಕಪ್ಪನ ಹಂದಿಗಳು ಓಕ್ ಮರದಡಿ ಕಾಯಿ ಆಯುತ್ತಿದ್ದ ಜಾಗ. ಅಣೆಕಟ್ಟು ಕಟ್ಟಿದಾಗ ಕಾಡು ಕಡಿಯುವ ಗೋಜಿಗೆ ಯಾರೂ ಹೋಗಲಿಲ್ಲ, ನೀರು ಬಿಟ್ಟರು. ಮರಗಳು ನಿಂತಲ್ಲೇ ಸತ್ತವು, ಸತ್ತಮೇಲೂ ನಿಂತವು. ದೋಣಿಗಳಿಗೆಂದು ಕಡಿದ ಓಣಿಗಳಿವೆ, ಅವುಗಳ ಪಕ್ಕದಲ್ಲಿ ತೇಲುವ ಗುರುತುಗಳೂ ಇವೆ. ಆದರೆ ಅಲ್ಲಿಯೇ ಹುಟ್ಟಿ ಬೆಳೆದವರು ಗುರುತು ನೋಡುವುದನ್ನು ಅವಮಾನವೆಂದು ತಿಳಿಯುತ್ತಾರೆ. ಅವರು ಓಡಿಸುವುದು ಮರಗಳ ಲೆಕ್ಕದಲ್ಲಿ: ಕವಲು ಸೈಪ್ರೆಸ್ ದಾಟಿ ನೇರ, ಹದ್ದಿನ ಗೂಡಿನ ಮರ ಬಲಕ್ಕೆ ಬಿಟ್ಟು, ಬೋಳು ಓಕ್ ಸಿಕ್ಕ ಕೂಡಲೇ ಎಡಕ್ಕೆ. ಆ ಬೋಳು ಓಕ್ ಹಾಲಿಸ್‌ನ ಚಿಕ್ಕಪ್ಪನ ಹಂದಿಗಳ ಓಕ್‌ ಮರವೇ.

ಸತ್ತ ಮರ ಕೊಳೆಯುವುದು ಗಾಳಿ ನೀರು ಎರಡೂ ತಾಗುವಲ್ಲಿ. ಒಂದು ದಿನ ಜೋರು ಗಾಳಿಗೆ ನೀರಿನ ಮಟ್ಟಕ್ಕೇ ಮುರಿಯುತ್ತದೆ. ಮೇಲಿನದು ತೇಲಿಹೋಗುತ್ತದೆ, ಕೆಳಗಿನದು ನೀರಿನ ಚರ್ಮದಡಿ ಮೊಳೆಯಂತೆ ಉಳಿಯುತ್ತದೆ. ಇದು ಅಲ್ಲಿನ ಎಲ್ಲರಿಗೂ ಗೊತ್ತು. ಅದಕ್ಕೇ ಶುಕ್ರವಾರ ಸಂಜೆ ದೋಣಿಯನ್ನು ನಿಧಾನ ಬಿಟ್ಟುಕೊಂಡು ಒಂದು ಸುತ್ತು ದಾರಿ ನೋಡಿ ಬರುವುದು ರೂಢಿ.

ಅಕ್ಟೋಬರ್‌ನಲ್ಲಿ ನೀರು ಇಳಿದಿತ್ತು, ಆ ವಾರ ಗಾಳಿಯೂ ಬಲವಾಗಿ ಬೀಸಿತ್ತು. ಶುಕ್ರವಾರ ಹಾಲಿಸ್ ದಾರಿ ನೋಡಲು ಹೋಗಲಿಲ್ಲ. ಅಂಗಳದಲ್ಲಿ ಮಲಗಿ ದೋಣಿಯ ತಳಕ್ಕೆ ಮೇಣ ತಿಕ್ಕುತ್ತಿದ್ದ. ನುಣುಪಾದರೆ ಇನ್ನೆರಡು ಮೈಲಿ ಹೆಚ್ಚು ಓಡುತ್ತದೆ ಎಂದು ಯಾರೋ ಹೇಳಿದ್ದರು.

ವರ್ನೆಲ್ ಕಿಟಕಿಯಿಂದ ಕೂಗಿದಳು: "ನೀರಿನ ಕಡೆ ಹೋಗಿ ಬರಲ್ವೇನೋ?"

"ಆ ಮರಗಳ ಕೆಳಗೇ ಬೆಳ್ದೋನು ನಾನು. ಇನ್ನೇನ್ ನೋಡ್ಬೇಕು?"

ಶನಿವಾರ ಅವರಿಗೆ ಮೊದಲ ಸಂಖ್ಯೆ ಬಂತು. ಹಾಲಿಸ್ ಹಲ್ಲು ತೋರಿಸಿದ್ದು ನೋಡಿ ಬ್ಯುಫರ್ಡ್, "ಏ ಮುದುಕ, ಇವತ್ತು ಟೋಪಿನ ಗಟ್ಟಿ ಹಿಡ್ಕೋ!" ಎಂದು ಕೂಗಿದ. ಸೂರ್ಯ ನೀರಿನ ಅಂಚಿನಿಂದ ನೇರವಾಗಿ ಕಣ್ಣಿಗೆ ಹೊಡೆಯುತ್ತಿದ್ದ. ಕವಲು ಸೈಪ್ರೆಸ್ ದಾಟಿತು. ಗೂಡಿನ ಮರ ದಾಟಿತು. ಹಾಲಿಸ್ ಬೋಳು ಓಕ್‌ಗಾಗಿ ಮುಂದೆ ನೋಡಿದ. ಕಾಣಲಿಲ್ಲ. ಮರ ಕಾಣಲಿಲ್ಲವೆಂದರೆ ಇನ್ನೂ ಅಲ್ಲಿಗೆ ಬಂದಿಲ್ಲ, ಅಷ್ಟೇ ಅವನಿಗೆ ಹೊಳೆದದ್ದು. ಬಾಲ್ಯದಿಂದ ಇದ್ದ ಮರ ಇಲ್ಲವಾಗಿರಬಹುದೆಂದು ಯೋಚಿಸಲು ಆ ವೇಗದಲ್ಲಿ ಪುರಸೊತ್ತಿರಲಿಲ್ಲ. ಹಳೆಯ ದೋಣಿಯಲ್ಲಾಗಿದ್ದರೆ ಗೂಡಿನ ಮರ ದಾಟಿ ಇಷ್ಟು ಹೊತ್ತಾಯಿತಲ್ಲ ಎಂದು ತಲೆ ಕೆರೆದುಕೊಂಡಿರುತ್ತಿದ್ದ.

ವರ್ನೆಲ್ ಪಕ್ಕದ ಕುರ್ಚಿಯಿಂದ ಕೂಗಿದಳು. ಅವಳು ಕೂತದ್ದು ಅವನ ಎಡಗಿವಿಯ ಕಡೆ. ತೋಳು ಹಿಡಿದು ಎಳೆದಳು. ಅವನು ನಗುತ್ತ ತಲೆಯಾಡಿಸಿದ, ಬೇಸಿಗೆಯಲ್ಲಿ ಅವಳು ಕೇಕೆ ಹಾಕಿದಾಗ ಆಡಿಸುತ್ತಿದ್ದಂತೆಯೇ.

ನೀರಿನಡಿ ಉಳಿದಿದ್ದ ಮರದ ಬುಡ ಇಂಜಿನ್ನಿಗೆ ಹೊಡೆಯಿತು. ದೋಣಿ ಗಾಳಿಯಲ್ಲೇ ತಿರುಗಿ ಅಡ್ಡ ಬಿತ್ತು. ಚುಕ್ಕಾಣಿಯ ಚಕ್ರಕ್ಕೆ ಎದೆ ಕೊಟ್ಟ ಹಾಲಿಸ್ ಒಳಗೇ ಉಳಿದ, ವರ್ನೆಲ್ ಉಳಿಯಲಿಲ್ಲ. ಅವಳು ಸ್ವಲ್ಪ ದೂರದಲ್ಲಿ ಕಿತ್ತಳೆ ಬಣ್ಣದ ತೇಲುಜಾಕೆಟ್ಟಿನಲ್ಲಿ ಮುಖ ಮೇಲಾಗಿ ತೇಲುತ್ತಿದ್ದಳು, ರಕ್ತ ಬೆರೆತು ಸುತ್ತಲಿನ ನೀರಿಗೆ ಚಹಾದ ಬಣ್ಣ ಬರುತ್ತಿತ್ತು. ಹಾಲಿಸ್ ಈಜಲು ಹೋದ, ಮುರಿದ ಪಕ್ಕೆಲುಬು ಬಿಡಲಿಲ್ಲ. ಹಿಂದೆ ಬಂದ ಬ್ಯುಫರ್ಡ್ ದೋಣಿ ನಿಲ್ಲಿಸಿ ಬಟ್ಟೆಸಮೇತ ನೀರಿಗೆ ಹಾರಿದ. ಅವಳನ್ನು ಎತ್ತುವಾಗ ಆ ದಡೂತಿ ಮನುಷ್ಯ ಅಳುತ್ತಿದ್ದ. "ಮಾತಾಡಮ್ಮ, ಬೈಯಮ್ಮ ನನ್ನ, ಏನಾದ್ರೂ ಬೈಯಿ!" ಎನ್ನುತ್ತಿದ್ದ.

"ಓಕ್ ಬಿದ್ದೋಗಿದೆ," ಎಂದಳು ವರ್ನೆಲ್. "ಇವನಿಗೆ ಎಷ್ಟು ಕೂಗಿದೆ."

ಎಡಗಾಲಿನ ಪಾದ ಜಜ್ಜಿಹೋಗಿತ್ತು. ಗಟ್ಟಿ ಕಾಲಾಗಿದ್ದರೆ ಕೂಡಿಕೊಳ್ಳುತ್ತಿತ್ತೇನೋ. ಸಕ್ಕರೆ ಕಾಯಿಲೆ ತಿಂದ ಕಾಲಿನ ಗಾಯ ಮಾಯಲಿಲ್ಲ, ಕಪ್ಪಾಯಿತು. ಕ್ರಿಸ್ಮಸ್‌ಗೆ ಮೊದಲೇ ಮೊಣಕಾಲಿನ ಕೆಳಗೆ ತೆಗೆದರು. ಮರಗಾಲು ಹಾಕಿಸುವ ಮಾತೂ ಬಂತು. ಇನ್ನೊಂದು ಪಾದಕ್ಕೆ ಸ್ಪರ್ಶವೇ ಇಲ್ಲದಿರುವಾಗ ಅವಳು ಯಾವುದರ ಮೇಲೆ ತೂಕ ಹಾಕಿ ಕಲಿಯಬೇಕು?

ಚಳಿಗಾಲದಲ್ಲಿ ಹಾಲಿಸ್ ಅಲ್ಸಿಯ ಅಂಗಳಕ್ಕೆ ಹೋಗಿ ಬೇಲಿಯಾಚೆ ನಿಂತ. ಅಲ್ಸಿಗೆ ಕೇಳದೆಯೇ ತಿಳಿಯಿತು. "ಆ ಅಗಲದ ದೋಣಿ ಬೇಸಿಗೇಲೇ ಹೋಯ್ತು ಕಣಪ್ಪ. ಇದ್ದಿದ್ರೂ ನಿಂಗೆ ಕೊಡ್ತಿರ್ಲಿಲ್ಲ. ಅದನ್ನ ನೋಡ್ಕೊಂಡು ಆಯಮ್ಮ ಹೇಗಿರ್ಬೇಕು?"

ವಸಂತದಲ್ಲಿ ಒಂದು ಶನಿವಾರ, ದೂರದಿಂದ ಪಂದ್ಯದ ದೋಣಿಗಳ ಸದ್ದು ಕೇಳುತ್ತಿರುವಾಗ, ವರ್ನೆಲ್ ತಾನಾಗಿಯೇ ಕೇಳಿದಳು: "ದಡದ ಅಟ್ಟಣೆವರ್ಗೂ ನೂಕ್ಕೊಂಡು ಹೋಗ್ತೀಯಾ? ನನ್ ಗಾಳ ತಗೋ."

ಹಾಲಿಸ್ ಗಾಲಿಕುರ್ಚಿಯನ್ನು ನೀರಿನ ಮೇಲೆ ಚಾಚಿದ ಮರದ ಅಟ್ಟಣೆಯ ತುದಿಗೆ ತಂದು ಗಾಲಿಗಳಿಗೆ ಕಲ್ಲು ಕೊಟ್ಟ. ಬಿಸಿಲು ಎಳೆಯದಾಗಿತ್ತು. ಅವಳು ಕೂತೇ ಬೀಸಿದಳು. ಮೊದಲ ಎರಡು ಎಸೆತ ಹತ್ತಿರವೇ ಬಿದ್ದವು, ಮೂರನೆಯದು ಹುಲ್ಲಿನ ಅಂಚಿಗೆ ಹೋಯಿತು. "ಕೈ ಇನ್ನೂ ಇದೆ ನೋಡು," ಎಂದಳು. ಎಷ್ಟೋ ತಿಂಗಳ ಮೇಲೆ ಅವಳ ಧ್ವನಿಯಲ್ಲಿ ಹಳೆಯ ಕೊಂಕು ಕೇಳಿ ಹಾಲಿಸ್ ಉಸಿರು ಬಿಟ್ಟ.

ಆಗಲೇ ಮೀನು ಗಾಳ ಕಚ್ಚಿತು. ದೊಡ್ಡದು. ಗಾಳದ ಗಳ ಕಮಾನಾಗಿ ಬಾಗಿ ತುದಿ ನೀರಿಗೆ ತಾಗಿತು. ಐವತ್ತು ವರ್ಷ ಮೀನು ಹಿಡಿದ ಮೈಗೆ ಮೀನು ಕಚ್ಚಿದರೆ ಏಳುವುದೊಂದೇ ಗೊತ್ತು. ವರ್ನೆಲ್ ಎದ್ದಳು. ಇಲ್ಲದ ಕಾಲನ್ನು ಮುಂದಿಟ್ಟಳು. ಹಾಲಿಸ್ ಕೈ ಚಾಚುವುದರೊಳಗೆ ಹಲಗೆಯ ಮೇಲೆ ಮುಖವಡಿಯಾಗಿ ಬಿದ್ದಳು.

ಅವನು ಮಂಡಿಯೂರಿ ಎತ್ತಲು ಹೋದ. ಅವಳು ಅವನ ಕೈ ತಳ್ಳಿದಳು. ಹಣೆಯಿಂದ ರಕ್ತ ಇಳಿಯುತ್ತಿತ್ತು, ಗಳ ಮಾತ್ರ ಅವಳ ಮುಷ್ಟಿಯಲ್ಲೇ ಇತ್ತು, ದಾರ ಸರಸರ ಓಡುತ್ತಿತ್ತು.

"ಎಳೀಲಾ? ನಾನ್ ಎಳೀಲಾ ವರ್ನೆಲ್?"

"ಬೇಡ. ಕತ್ತರಿಸು."

"ದೊಡ್ಡ ಮೀನು ಕಣೇ..."

"ಕತ್ತರಿಸು ಅಂದೆ."

ಹಾಲಿಸ್ ಜೇಬಿನಿಂದ ಚಾಕು ತೆಗೆದು ದಾರ ಕತ್ತರಿಸಿದ. ಬಾಗಿದ್ದ ಗಳ ಒಮ್ಮೆಲೇ ನೆಟ್ಟಗಾಯಿತು. ಅವಳನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುವಾಗ ಈ ಸಲ ಅವಳು ತಡೆಯಲಿಲ್ಲ. ಅವನು ಕಲ್ಲು ತೆಗೆದು ಕುರ್ಚಿ ತಿರುಗಿಸಿ ಮನೆಯ ಕಡೆ ನೂಕಿದ. ಗಳ ಅಟ್ಟಣೆಯ ಮೇಲೆಯೇ ಉಳಿಯಿತು. ಅದನ್ನು ತರಲು ಅವನೂ ಹೋಗಲಿಲ್ಲ, ಅವಳೂ ಕೇಳಲಿಲ್ಲ.