ಮಾಳಿಗೆ ಮೇಲಿನ ಹುಡುಗಿ ಸತ್ತಿದ್ದಳೇ?

ಶಹಾಪುರದ ಅಂಬಣ್ಣನಿಗೆ ದೇವರ ಸಿನಿಮಾ ಅಷ್ಟಕ್ಕಷ್ಟೆ, ಹಾಡು ಕುಣಿತದ ಸಿನಿಮಾ ಅಂತೂ ಬೇಡವೇ ಬೇಡ. ಅವನಿಗೆ ಬೇಕಾದದ್ದು ದೆವ್ವ, ಕೊಲೆ, ಹಾಳುಬಿದ್ದ ಬಂಗಲೆ, ತಾನಾಗಿಯೇ ತೆರೆದುಕೊಳ್ಳುವ ಬಾಗಿಲು. ಹೊಟ್ಟೆಪಾಡಿಗೆ ಚುರುಮುರಿ ಭಟ್ಟಿ ಇಟ್ಟುಕೊಂಡಿದ್ದ. ಸಂಜೆಯಾದರೆ ಬುಟ್ಟಿ ಹೊತ್ತುಕೊಂಡು ಟೂರಿಂಗ್ ಟಾಕೀಸಿನ ಡೇರೆಯೊಳಗೆ ತಿರುಗಿ ಮಾರುತ್ತಿದ್ದ. ಹಾಗಾಗಿ ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದ ಯಾವ ಸಿನಿಮಾ ಪೆಟ್ಟಿಗೆಯೂ ಅವನ ಕಣ್ಣು ತಪ್ಪಿಸಿ ಸುರಪುರಕ್ಕೆ ಹೋದದ್ದಿಲ್ಲ.

ಸಿನಿಮಾ ಎಷ್ಟು ಹೆದರಿಸುತ್ತದೆಂದು ಅವನು ಪರದೆ ನೋಡಿ ಹೇಳುತ್ತಿರಲಿಲ್ಲ, ಜನರ ಕೈ ನೋಡಿ ಹೇಳುತ್ತಿದ್ದ. ಬಾಯಿಗೆ ಹೊರಟ ಚುರುಮುರಿ ನಡುದಾರಿಯಲ್ಲೇ ನಿಂತರೆ ಅದು ಸಿನಿಮಾ. ಕೊಲೆ ನಡೆಯುವಾಗಲೂ ಜನ ಕರುಂ ಕುರುಂ ಎಂದು ಮೆಲ್ಲುತ್ತಿದ್ದರೆ ಅದು ಬರೀ ದೀಪದ ಖರ್ಚು. ಹಾಗೆ ಕೈ ನಿಲ್ಲಿಸುವ ಸಿನಿಮಾ ಬಂದ ದಿನ ತನ್ನ ಬುಟ್ಟಿ ಖಾಲಿಯಾಗುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಆದರೂ ಇಂಥದೇ ತರಿಸಿ ಎಂದು ಡೇರೆಯ ಮಾಲೀಕ ಭಗವಂತರಾಯನ ಬೆನ್ನು ಬಿಡುತ್ತಿರಲಿಲ್ಲ. ಇಂಥ ಹುಚ್ಚಿಗೆ ಏನನ್ನಬೇಕು!

ಬಿಳಿ ಸೀರೆಯುಟ್ಟು ದೀಪ ಹಿಡಿದು ಹಾಡುವ ದೆವ್ವಗಳನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. "ಹಾರ್ಮೋನಿಯಂ ಪೆಟಗಿ ಶ್ರುತಿಗೆ ಸರಿಯಾಗಿ ಹಾಡೋ ದೆವ್ವಕ್ಕ ಯಾಕ ಹೆದರಬೇಕು? ಮದುವಿಗೆ ಕರೀರಿ, ಹಾಡಿ ಹೋಗ್ತದ" ಎನ್ನುತ್ತಿದ್ದ. ಕೊಲೆಗಾರನ ಮುಖಕ್ಕೆ ಮೊದಲೇ ದಪ್ಪ ಮೀಸೆ ಅಂಟಿಸಿ, ಕೊನೆಯಲ್ಲಿ ಇವನೇ ಕೊಲೆಗಾರ ಎಂದು ಬೆರಳು ತೋರಿಸುವವರನ್ನಂತೂ ಅವನು ಕ್ಷಮಿಸಲೇ ಇಲ್ಲ.

ಈ ಮಾತುಗಳಿಗೆಲ್ಲ ಎದುರು ಮಾತಾಡುವ ಧೈರ್ಯ ಊರಿನಲ್ಲಿ ಒಬ್ಬನಿಗೇ ಇತ್ತು: ದರ್ಜಿ ಚಾಂದಪಾಶಾ. ಚಿಕ್ಕಂದಿನ ಗೆಳೆಯ. ಇವನು ಹೌದೆಂದರೆ ಅವನು ಅಲ್ಲ. ಇಬ್ಬರೂ ಹೆಚ್ಚು ಜಗಳಾಡಿದ್ದು ಯಾರಿಗೂ ನೆನಪಿಲ್ಲದ ಒಂದು ಸಿನಿಮಾಕ್ಕೆ. ನೀರಿಗೆ ಬಿದ್ದು ಸತ್ತಳೆಂದು ಎಲ್ಲರೂ ಕೈಬಿಟ್ಟ ಹುಡುಗಿಗಾಗಿ ಮುದುಕ ತಂದೆ ಬಂಗಲೆಯಲ್ಲಿ ಕಾಯುತ್ತಾನೆ. ಮಾಳಿಗೆಯ ಮೇಲೆ ಮಂಚ ಎಳೆದ ಸದ್ದು. ದೆವ್ವ ಕಾಣುವುದಿಲ್ಲ, ಕಿರುಚಾಟವಿಲ್ಲ. ಕೊನೆಗೆ ಹುಡುಗಿ ಮೆಟ್ಟಿಲಿಳಿದು ಬಂದು ತಂದೆಯೆದುರು ಊಟಕ್ಕೆ ಕೂತುಕೊಳ್ಳುತ್ತಾಳೆ, ಅಷ್ಟೇ. ಯಾದಗಿರಿಯಲ್ಲಿ ಆ ಸಿನಿಮಾ ಓಡದೆ ಬಿದ್ದಿತ್ತು, ಸುರಪುರದಲ್ಲಿ ಜನ ಕೂಗಾಡಿ ಎದ್ದು ಹೋಗಿದ್ದರು. ಶಹಾಪುರದಲ್ಲಿ ಇವರಿಬ್ಬರು ಮಾತ್ರ ಉಸಿರು ಬಿಗಿಹಿಡಿದು ನೋಡಿದ್ದರು.

"ಸತ್ತಾಳ. ಒಂದು ತುತ್ತೂ ತಿನ್ನಂಗಿಲ್ಲ ನೋಡು" ಎಂದು ಅಂಬಣ್ಣ.

"ಜಿಂದಾ ಅದಾಳ. ಗೋಡಿ ಮ್ಯಾಲ ನೆರಳು ಬೀಳ್ತದಲ್ಲೋ" ಎಂದು ಚಾಂದಪಾಶಾ.

ಜಗಳ ಮುಗಿಯುವ ಮೊದಲೇ ಗದ್ದಲದ ವರ್ಷ ಬಂತು. ಮೊದಲು ನಿಜಾಮನ ಕಡೆಯ ರಜಾಕಾರರಿಗೆ ಹೆದರಿ ಅಂಬಣ್ಣನ ಓಣಿಯೇ ವನದುರ್ಗದ ಕಡೆ ಓಡಿಹೋಯಿತು. ಪೊಲೀಸ್ ಆಕ್ಷನ್ ಆಗಿ ನಿಜಾಮನ ರಾಜ್ಯ ಮುಳುಗಿದ ಮೇಲೆ ಹೆದರುವ ಸರದಿ ಚಾಂದಪಾಶಾನ ಓಣಿಯದಾಯಿತು. ಅವನ ಅಣ್ಣ ಆ ದಿನಗಳಲ್ಲಿ ಮನೆಬಿಟ್ಟು ಹೋದವನು ತಿರುಗಿ ಬರಲಿಲ್ಲ. ಸತ್ತನೆಂದು ಹೇಳುವವರೂ ಇಲ್ಲ, ಇದ್ದಾನೆಂದು ಹೇಳುವವರೂ ಇಲ್ಲ.

ಅಂದಿನಿಂದ ಚಾಂದಪಾಶಾ ಹೊತ್ತು ಮುಳುಗಿದ ಮೇಲೆ ಹೊಸ್ತಿಲು ದಾಟಿದ್ದಿಲ್ಲ. ಹಗಲೆಲ್ಲ ತಲೆ ತಗ್ಗಿಸಿ ಹೊಲಿಯುತ್ತಿದ್ದ. ಅಂಬಣ್ಣ ಹೋಗಿ ಸಿನಿಮಾದ ಮಾತು ತೆಗೆದರೆ "ಹೂಂ" ಎಂದು ಕತ್ತರಿ ಎತ್ತಿಕೊಳ್ಳುತ್ತಿದ್ದ. ನಾಲ್ಕು ವರ್ಷ ಹೀಗೇ ಕಳೆಯಿತು. ಎದುರು ಮಾತಾಡುವವನಿಲ್ಲದೆ ಅಂಬಣ್ಣನಿಗೆ ದೆವ್ವಗಳೂ ಸಪ್ಪೆಯಾಗಿದ್ದವು. ಗೆಳೆಯ ಹೀಗೇ ಮನೆಯೊಳಗೆ ಕರಗಿಹೋಗುತ್ತಾನೆಂದು ಅವನಿಗೆ ನಿಜವಾಗಿಯೂ ಭಯವಾಗಿತ್ತು.

ಆಗ ಅದೇ ಸಿನಿಮಾ ಶಹಾಪುರಕ್ಕೆ ಮತ್ತೆ ಬಂತು. ಬೇರೆ ಪೆಟ್ಟಿಗೆ ಸಿಗದೆ ಭಗವಂತರಾಯ ತರಿಸಿದ್ದು. ಮೂರೇ ದಿನ, ಆಮೇಲೆ ವಾಪಸ್. ಅಂಬಣ್ಣ ದರ್ಜಿ ಅಂಗಡಿಗೆ ಓಡಿದ. "ಕತ್ತಲಾಗ ನಾ ಬರಂಗಿಲ್ಲ" ಎಂದ ಚಾಂದಪಾಶಾ, ತಲೆ ಎತ್ತದೆ.

ಅಂಬಣ್ಣ ಎದ್ದು ಬಂದ. ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ, ಕ್ಷೌರದ ಅಂಗಡಿಯಲ್ಲಿ ಸಿಕ್ಕವರಿಗೆಲ್ಲ ಒಂದೇ ಮಾತು: "ಚಾಂದಪಾಶಾ ಸೋಲೊಪ್ಪ್ಯಾನ್ರಿ. ಆ ಹುಡುಗಿ ಸತ್ತಾಳಂತ ಅವನ ಬಾಯಿಲೇ ಹೇಳ್ಯಾನ."

ಹೆಂಡತಿ ಪಾರ್ವತೆಮ್ಮ ಕೇಳಿಯೇಬಿಟ್ಟಳು: "ಸುಳ್ಳು ಹೇಳಿ ಯಾರರ ದೋಸ್ತಿ ಕೂಡಸ್ತಾರೇನ್ರಿ?"

"ನಾಕು ವರ್ಷ ಖರೇನ ಹೇಳೀನಿ, ಏನು ಸಿಕ್ತು?" ಎಂದ ಅಂಬಣ್ಣ.

ಮೊದಲ ದಿನ ಚಾಂದಪಾಶಾ ಬರಲಿಲ್ಲ. ಎರಡನೆಯ ದಿನ ಡೇರೆಯಲ್ಲಿ ದೀಪ ಆರಿಸುವ ಹೊತ್ತಿಗೆ ಬಾಗಿಲ ಹತ್ತಿರ ಗದರಿದ ದನಿ ಕೇಳಿಸಿತು.

"ಏ ಅಂಬ್ಯಾ! ನಾ ಯಾವಾಗ ಸೋತೀನಲೇ? ಅಂಗಡಿಗೆ ಬಂದವರೆಲ್ಲ ನನ್ನ ನೋಡಿ ಹಲ್ಲು ಕಿಸಿಯಾಕತ್ತಾರ!"

ಅಂಬಣ್ಣ ಮುಖದ ಮೇಲೆ ಏನೂ ತೋರಗೊಡದೆ, "ಕೂಡು, ನೋಡಿ ಹೇಳು" ಎಂದು ಮರಳಿನ ಮೇಲೆ ಜಾಗ ಮಾಡಿಕೊಟ್ಟ. ಬುಟ್ಟಿಯನ್ನು ನಡುವೆ ಇಟ್ಟ. ಮಂಚ ಎಳೆದ ಸದ್ದಿಗೆ ಚಾಂದಪಾಶಾನ ಕೈ ಗಾಳಿಯಲ್ಲೇ ನಿಂತಿತು. ಹುಡುಗಿ ಮೆಟ್ಟಿಲಿಳಿಯುವಾಗ ಅಂಬಣ್ಣ ಪಕ್ಕಕ್ಕೆ ನೋಡಿದ. ಗೆಳೆಯ ರುಮಾಲಿನಲ್ಲಿ ಮುಖ ಮುಚ್ಚಿಕೊಂಡಿದ್ದ.

ಆಟ ಮುಗಿದು ಹೊರಗೆ ಬಂದ ಮೇಲೆ ಇಬ್ಬರೂ ಮನೆಯ ದಾರಿ ಹಿಡಿದರು. ಚಾಂದಪಾಶಾ ಹೇಳಿದ: "ನಿಂದ ಖರೇ ಅದ, ಅಂಬಣ್ಣ. ಆಕಿ ಸತ್ತಾಳ. ಹಂಗ ಹೋದವರು ಯಾರೂ ಬರಂಗಿಲ್ಲ. ಅಪ್ಪನ ಹುಚ್ಚು, ಅಷ್ಟ."

ಇಷ್ಟು ವರ್ಷ ಯಾವ ಮಾತಿಗಾಗಿ ಜಗಳಾಡಿದ್ದನೋ ಆ ಮಾತು ಕಿವಿಗೆ ಬಿದ್ದಾಗ ಅಂಬಣ್ಣನಿಗೆ ಅಳು ಬಂತು. ಗೆಲ್ಲುವುದು ಇಷ್ಟು ಕೆಟ್ಟದ್ದೆಂದು ಅವನಿಗೆ ಗೊತ್ತಿರಲಿಲ್ಲ.

"ಎಲ್ಲಿ ಖರೇ? ನಂದ ತಪ್ಪಾಗಿತ್ತೋ ಮಾರಾಯ" ಎಂದ ಗಡಿಬಿಡಿಯಿಂದ. "ಆಕಿ ಇಳಿದು ಬಂದಾಗ ನಾಯಿ ಬಾಲ ಅಳ್ಳಾಡಿಸ್ತದ. ದೆವ್ವಕ್ಕ ಎಂದಾದ್ರೂ ನಾಯಿ ಬಾಲ ಅಳ್ಳಾಡಿಸ್ತದೇನು?"

"ನಾಯಿ? ಯಾವ ನಾಯಿ?"

"ಕಂಬದ ಹಿಂದ ಮಲಗಿರ್ತದ ನೋಡು, ಕರೀದು. ನೀ ಮಾರಿ ಮುಚ್ಚಿಕೊಂಡಿದ್ದಿ, ಹೆಂಗ ಕಾಣ್ತದ?"

"ಸುಳ್ಳು ಹೇಳಬ್ಯಾಡ! ಇಷ್ಟು ವರ್ಷ ಸತ್ತಾಳ ಅಂದವ ಈಗ ಜಿಂದಾ ಅಂತೀ?"

"ಅಂತೀನಿ. ಅದಾಳ. ಬಂದಾಳ."

ಚಾಂದಪಾಶಾನ ದನಿ ಏರಿತು, ಅಂಬಣ್ಣನದು ಅದಕ್ಕಿಂತ ಏರಿತು. ಚಾಂದಪಾಶಾನ ಮನೆ ಬಂತು, ಅವನು ಒಳಗೆ ಹೋಗಲಿಲ್ಲ. ವಾದ ಮಾಡುತ್ತ ಮಾಡುತ್ತ ಕತ್ತಲಿನ ಓಣಿ ದಾಟಿ ಅಂಬಣ್ಣನ ಮನೆಯ ತನಕ ಬಂದ. ಬಾಗಿಲಲ್ಲಿ ಪಾರ್ವತೆಮ್ಮ ಕಂದೀಲು ಹಿಡಿದು ನಿಂತದ್ದನ್ನು ಕಂಡಾಗಲೇ ತಾನು ಎಲ್ಲಿದ್ದೇನೆಂಬುದು ಅವನಿಗೆ ಹೊಳೆದದ್ದು. ಒಂದು ಕ್ಷಣ ಬೆನ್ನ ಹಿಂದಿನ ಕತ್ತಲನ್ನು ತಿರುಗಿ ನೋಡಿದ. ಆಮೇಲೆ ಕಂದೀಲು ಇಸಿದುಕೊಂಡ.

"ನಾಳಿಗೆ ಕೊನೀ ಆಟ ಅಲ್ಲೇನು? ಬರ್ತೀನಿ. ಕಣ್ಣು ಮಿಟಕಿಸದಂಗ ನೋಡ್ತೀನಿ. ನಾಯಿ ಇರಲಿಲ್ಲಂದ್ರ ನಿನ್ನ ಬಿಡಂಗಿಲ್ಲ ಮಗನ."

"ಬಾ. ನೋಡೂಣಂತ" ಎಂದ ಅಂಬಣ್ಣ.

ಕಂದೀಲಿನ ಬೆಳಕು ಓಣಿಯ ತಿರುವು ದಾಟುವವರೆಗೂ ಅವನು ಬಾಗಿಲಲ್ಲೇ ನಿಂತಿದ್ದ. ಆ ಸಿನಿಮಾದಲ್ಲಿ ಮೊದಲಿನಿಂದ ಕೊನೆಯವರೆಗೂ ನಾಯಿ ಎಂಬುದೇ ಇರಲಿಲ್ಲ. ನಾಳೆ ಜನರೆಲ್ಲರ ಎದುರಿಗೆ ಚಾಂದಪಾಶಾ ತನ್ನನ್ನು ಹೇಗೆ ಹಿಗ್ಗಾಮುಗ್ಗಾ ಬೈಯುತ್ತಾನೆಂದು ನೆನೆಸಿಕೊಂಡು ಅಂಬಣ್ಣನಿಗೆ ನಿದ್ದೆ ಬಾರದಷ್ಟು ಖುಷಿಯಾಯಿತು.